ಎತ್ತಿಗೆ ಜ್ವರ, ಎಮ್ಮೆಲ್ಲೆಗೆ ಬರೆ

ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದು, ಎರಡು ಹೊತ್ತು ಖಾನಾವಳಿಯಲ್ಲಿ ಉಂಡು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಹುಡುಗ–ಹುಡುಗಿಯರಿಗೆ ಒಂದು ಸಿಹಿ ಸುದ್ದಿ. ವಿಜಯನಗರದ ಮನೆತನಗಳು, ಗವರ್ನರ್ ಜನರಲ್ಲುಗಳ ಪಟ್ಟಿ ಎಂದು ನೀವು ರಾತ್ರಿಯೆಲ್ಲ ಉರು ಹೊಡೆಯುತ್ತೀರಿ. ಮನೆಬಾಗಿಲಲ್ಲೇ ಇರುವ ಧಾರವಾಡ ಲೋಕಸಭಾ ಕ್ಷೇತ್ರದ ಇತಿಹಾಸ ಮಾತ್ರ ಕೈಯಲ್ಲಿನ ಚಹಾ ಆರುವುದರೊಳಗೆ ಬಾಯಿಗೆ ಬರುತ್ತದೆ. 1962ರಿಂದ 2024ರವರೆಗೆ ನಡೆದದ್ದು 16 ಚುನಾವಣೆ. ಗೆದ್ದವರು ನಾಲ್ಕೇ ಜನ. ಸರೋಜಿನಿ ಮಹಿಷಿ 4 ಸಲ, ಡಿ.ಕೆ. ನಾಯ್ಕರ್ 4 ಸಲ, ವಿಜಯ ಸಂಕೇಶ್ವರ 3 ಸಲ, ಪ್ರಹ್ಲಾದ ಜೋಶಿ 5 ಸಲ ಮತ್ತು ಮುಂದುವರಿದಿದೆ. ಇನ್ನೂ ಹಿಂದಕ್ಕೆ ಹೋಗಿ ಮುಂಬೈ ಪ್ರಾಂತದ ಕಾಲದಿಂದ ಹಿಡಿದರೂ 1952 ಮತ್ತು 1957ರಲ್ಲಿ ಗೆದ್ದ ಡಿ.ಪಿ. ಕರಮರಕರ್ ಒಬ್ಬರನ್ನು ಸೇರಿಸಿಕೊಂಡರೆ ಮುಗಿಯಿತು. 18 ಚುನಾವಣೆ, ಐದು ಹೆಸರು. ಎಣಿಸಲು ಎರಡನೆಯ ಕೈ ಬೇಕಿಲ್ಲ, ಅದರಲ್ಲಿ ಮಿರ್ಚಿ ಹಿಡಿದುಕೊಳ್ಳಬಹುದು.

2004ರವರೆಗೆ ಇದರ ಹೆಸರು ಧಾರವಾಡ ಉತ್ತರ ಎಂದಿತ್ತು. ಕ್ಷೇತ್ರ ಪುನರ್ವಿಂಗಡಣೆಯಾದ ಮೇಲೆ 2009ರಿಂದ ಬರೀ ಧಾರವಾಡ. ಉತ್ತರ ಎಂಬುದು ಹೆಸರಿನಿಂದ ಹೋಯಿತು, ಕೇಳಿದ ಪ್ರಶ್ನೆಗಳಿಗಂತೂ ಮೊದಲಿಂದಲೂ ಇರಲಿಲ್ಲ.

ಹಾಗಂತ ಈ ಭಾಗದ ಮತದಾರ ಸಾಧು ಪ್ರಾಣಿ ಎಂದು ತಿಳಿಯಬೇಡಿ. ಅವನಷ್ಟು ಸಿಟ್ಟಿನ ಮನುಷ್ಯ ಇನ್ನೊಬ್ಬನಿಲ್ಲ. ಆದರೆ ಆ ಸಿಟ್ಟೆಲ್ಲ ವಿಧಾನಸಭೆಗೆ ಮೀಸಲು. ನವಲಗುಂದವನ್ನೇ ನೋಡಿ. 2008ರಲ್ಲಿ ಬಿಜೆಪಿಯ ಶಂಕರ ಪಾಟೀಲ ಮುನೇನಕೊಪ್ಪ, 2013ರಲ್ಲಿ ಜೆಡಿಎಸ್‌ನ ಎನ್.ಎಚ್. ಕೋನರಡ್ಡಿ, 2018ರಲ್ಲಿ ಮತ್ತೆ ಮುನೇನಕೊಪ್ಪ, 2023ರಲ್ಲಿ ಮತ್ತೆ ಕೋನರಡ್ಡಿ, ಈ ಸಲ ಕಾಂಗ್ರೆಸ್ಸಿನಿಂದ. ಇಬ್ಬರೂ ಪಾಳಿ ಹಚ್ಚಿಕೊಂಡವರಂತೆ ಬಂದು ಹೋಗುತ್ತಾರೆ. ಕಾಲುವೆ ನೀರಿನ ಪಾಳಿ ತಪ್ಪಿದರೂ ಈ ಪಾಳಿ ತಪ್ಪುವುದಿಲ್ಲ. ಮಧ್ಯದಲ್ಲಿ ಒಮ್ಮೆ, 2021ರಲ್ಲಿ, ಮುನೇನಕೊಪ್ಪ ಅವರಿಗೆ ಕೈಮಗ್ಗ ಮತ್ತು ಜವಳಿ ಖಾತೆಯ ಮಂತ್ರಿಗಿರಿಯೂ ಒಲಿಯಿತು. ನವಲಗುಂದದ ಜಮಖಾನೆಗೆ ಭೌಗೋಳಿಕ ಸೂಚಿಯ ಸರ್ಟಿಫಿಕೇಟು ಇದೆ, ನೇಯುವ ಮನೆಗಳು ಮಾತ್ರ ಬೆರಳೆಣಿಕೆಗೆ ಇಳಿದಿವೆ. ಅಂಥ ಊರಿಗೇ ಜವಳಿ ಮಂತ್ರಿ ಸಿಕ್ಕಿದ್ದು ದೈವಲೀಲೆ ಎಂದು ಜನ ಹಿಗ್ಗಿದರು. ಮುಂದಿನ ಚುನಾವಣೆಯಲ್ಲಿ ಮಂತ್ರಿಗಳನ್ನು ಸೋಲಿಸಿ ಮನೆಗೆ ಕಳಿಸಿದರು. ಜಮಖಾನೆ ಹಾಸುವುದೂ ನಾವೇ, ಎಳೆಯುವುದೂ ನಾವೇ.

ಕಲಘಟಗಿಯಲ್ಲೂ ಇದೇ ಕತೆ. ಬಳ್ಳಾರಿ ಜಿಲ್ಲೆಯ ಸಂಡೂರಿನಿಂದ ಬಂದ ಸಂತೋಷ ಲಾಡ್ 2008 ಮತ್ತು 2013ರಲ್ಲಿ ಗೆದ್ದರು, 2018ರಲ್ಲಿ ಸಿ.ಎಂ. ನಿಂಬಣ್ಣವರ ಎದುರು ಸೋತರು, 2023ರಲ್ಲಿ ಗೆದ್ದು ಮಂತ್ರಿಯಾದರು. ಇನ್ನು ಕುಂದಗೋಳ! ಸವಾಯಿ ಗಂಧರ್ವರ ಊರು. ಅಲ್ಲಿಯ ಮತ ಎಣಿಕೆಯೂ ಅಷ್ಟೇ ಸೂಕ್ಷ್ಮ, ಒಂದು ಶ್ರುತಿ ಹೆಚ್ಚು ಕಡಿಮೆಯಾದರೂ ಸರ್ಕಾರಿ ಕಾರು ತಪ್ಪುತ್ತದೆ. 2018ರಲ್ಲಿ ಕಾಂಗ್ರೆಸ್ಸಿನ ಸಿ.ಎಸ್. ಶಿವಳ್ಳಿ ಗೆದ್ದದ್ದು 634 ಮತಗಳಿಂದ. ಒಂದು ಮದುವೆಯಲ್ಲಿ ಎರಡನೆಯ ಪಂಕ್ತಿಗೆ ಕೂಡ್ರುವಷ್ಟು ಜನ. ಮಂತ್ರಿಯಾಗಿದ್ದಾಗಲೇ ಅವರು 2019ರ ಮಾರ್ಚ್‌ನಲ್ಲಿ ತೀರಿಕೊಂಡರು. ಮೇ 19ರ ಉಪಚುನಾವಣೆಗೆ ಎರಡೂ ಕಡೆಯ ನಾಯಕರ ದಂಡು ಬಂದಿಳಿಯಿತು. ವಿಧಾನಸೌಧದಲ್ಲಿ ಕಣ್ಣಿಗೆ ಬೀಳದ ಮಂತ್ರಿಗಳು ಕುಂದಗೋಳದ ಬಾಂದಿನ ಮೇಲೆ ಓಡಾಡಿದರು. ಇಷ್ಟೆಲ್ಲ ಆಗಿ ಅವರ ಪತ್ನಿ ಕುಸುಮಾ ಶಿವಳ್ಳಿ ಗೆದ್ದದ್ದು 1,601 ಮತಗಳಿಂದ. 2023ರಲ್ಲಿ ಜನ ಅವರನ್ನೂ ಬಿಟ್ಟು ಬಿಜೆಪಿಯ ಎಂ.ಆರ್. ಪಾಟೀಲರನ್ನು ಹಿಡಿದರು.

ಧಾರವಾಡ ವಿಧಾನಸಭಾ ಕ್ಷೇತ್ರ ಅದೇ 2023ರಲ್ಲಿ ಇನ್ನೊಂದು ದಾಖಲೆ ಬರೆಯಿತು. ಅಲ್ಲಿ ಗೆದ್ದ ವಿನಯ ಕುಲಕರ್ಣಿ ಜಾಮೀನಿನ ಷರತ್ತಿನ ಕಾರಣ ಕ್ಷೇತ್ರಕ್ಕೆ ಕಾಲಿಡುವಂತೆಯೇ ಇರಲಿಲ್ಲ. ಮನೆಯವರು ಪ್ರಚಾರ ಮಾಡಿದರು, ಜನ ಗೆಲ್ಲಿಸಿದರು. ಗೆದ್ದ ಮೇಲೆ ಶಾಸಕರ ಮುಖ ಕಾಣುವುದಿಲ್ಲ ಎಂಬ ದೂರು ನಮ್ಮಲ್ಲಿ ಹಳೆಯದು. ಗೆಲ್ಲುವ ಮೊದಲೂ ಕಾಣದೆ ಹೋದದ್ದು ಹೊಸದು. ಅಷ್ಟರಮಟ್ಟಿಗೆ ಪ್ರಗತಿ.

ಶಾಸಕರಿಗೆ 634 ಮತದ ಹಗ್ಗದ ಮೇಲಿನ ನಡಿಗೆ, ಸಂಸದರಿಗೆ ಲಕ್ಷದ ಲೆಕ್ಕದ ಮೆತ್ತೆ. ಪ್ರಹ್ಲಾದ ಜೋಶಿ ಅವರ ಅಂತರ 2019ರಲ್ಲಿ 2,05,072 ಇತ್ತು. 2024ರಲ್ಲಿ 97,324ಕ್ಕೆ ಇಳಿದಾಗ ಅದನ್ನೇ ವಿರೋಧಿಗಳು ತಮ್ಮ ಗೆಲುವು ಎಂದು ಹಂಚಿಕೊಂಡು ತಿಂದರು. ಕಟ್ಟೆಯ ಮೇಲೆ ಕೂತ ಹಿರಿಯರನ್ನು ಇದೇನು ಲೆಕ್ಕ ಎಂದು ಕೇಳಿ ನೋಡಿ.

“ಅಜ್ಜಾರ, ಎಮ್ಮೆಲ್ಲೆನ್ನ ಐದ ವರ್ಷಕ್ಕೊಮ್ಮಿ ತಗದ ಒಗಿತೀರಿ, ಎಂಪಿನ್ನ ಯಾಕ ಮುಟ್ಟಂಗಿಲ್ರಿ?”

“ತಮ್ಮಾ, ಕೆಳಗಿಂದು ಬ್ಯಾರೆ, ಮ್ಯಾಲಿಂದು ಬ್ಯಾರೆ. ಎಮ್ಮೆಲ್ಲೆ ಅಂದ್ರ ಗಟಾರ ಬಳಸಬೇಕು, ರಸ್ತೆ ಮಾಡಸಬೇಕು, ನೀರ ಕೊಡಬೇಕು. ಮಾಡ್ಲಿಲ್ಲ, ಮನಿಗೆ ಹೋಗ.”

“ಮತ್ತ ಎಂಪಿ?”

“ಎಂಪಿ ದೇಶ ನೋಡತಾನ.”

“ದೇಶದಾಗ ನವಲಗುಂದ ಬರಂಗಿಲ್ಲೇನ್ರಿ?”

“ಬರತೈತಿ. ಆದರ ಕಡೀಕ ಬರತೈತಿ.”

ಇದರಲ್ಲಿ ಒಂದೇ ಒಂದು ತೊಡಕು. ಈ ಭಾಗ ಅರ್ಧ ಶತಮಾನದಿಂದ ಬಾಯಿಬಿಟ್ಟುಕೊಂಡು ಕೇಳುತ್ತಿರುವುದು ನೀರು. ಆ ನೀರಿನ ಕಡತ ಇರುವುದು ದಿಲ್ಲಿಯಲ್ಲಿ. ಬರೆ ಬೀಳುವುದು ನವಲಗುಂದದ ಎಮ್ಮೆಲ್ಲೆಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ಚುನಾವಣಾ ಪದ್ಧತಿಯಾಗಿ ಅಳವಡಿಸಿಕೊಂಡ ಕೀರ್ತಿ ನಮ್ಮ ಕ್ಷೇತ್ರಕ್ಕೆ ಸಲ್ಲಬೇಕು.

ಇದು ಇಂದು ನಿನ್ನೆಯ ರೂಢಿಯಲ್ಲ. 1980ರ ಜನವರಿಯಲ್ಲಿ ಡಿ.ಕೆ. ನಾಯ್ಕರ್ ಮೊದಲ ಸಲ ಗೆದ್ದರು. ಅದೇ ವರ್ಷ ಜುಲೈ 21ಕ್ಕೆ ನವಲಗುಂದ, ನರಗುಂದಗಳಲ್ಲಿ ರೈತರು ಬೀದಿಗಿಳಿದರು. ಮಲಪ್ರಭಾ ಕಾಲುವೆಯ ಕೊನೆಯ ಹೊಲಗಳಿಗೆ ನೀರೇ ಸರಿಯಾಗಿ ಮುಟ್ಟಿರಲಿಲ್ಲ, ಸರ್ಕಾರದ ಬೆಟರ್‌ಮೆಂಟ್ ಲೆವಿ ಮಾತ್ರ ಮುಟ್ಟಿತ್ತು. ನೀರು ಹರಿದು ಜಮೀನು ಸುಧಾರಿಸಿದೆ, ಸುಧಾರಿಸಿದ್ದಕ್ಕೆ ದುಡ್ಡು ಕಟ್ಟಿ ಎಂಬುದು ಲೆವಿಯ ತಾತ್ಪರ್ಯ. ಗೋಲಿಬಾರ್ ಆಯಿತು, ರೈತರು ಸತ್ತರು. ಆ ಕಿಡಿ ರಾಜ್ಯವೆಲ್ಲ ಹಬ್ಬಿ, ರೈತ ಸಂಘ ಬೆಳೆದು, 1983ರಲ್ಲಿ ಗುಂಡೂರಾಯರ ಸರ್ಕಾರವೇ ಉರುಳಿ, ರಾಜ್ಯದಲ್ಲಿ ಮೊದಲ ಸಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಇತಿಹಾಸದ ಪುಸ್ತಕಗಳು ಇಲ್ಲಿಗೆ ನಿಲ್ಲುತ್ತವೆ. ಮುಂದಿನ ಪುಟ ಹೀಗಿದೆ: ಧಾರವಾಡ ಉತ್ತರದಿಂದ ಕಾಂಗ್ರೆಸ್ಸಿನ ಅದೇ ನಾಯ್ಕರ್ 1984ರಲ್ಲಿ ಗೆದ್ದರು, 1989ರಲ್ಲಿ ಗೆದ್ದರು, 1991ರಲ್ಲೂ ಗೆದ್ದರು. ರಾಜ್ಯದ ಸರ್ಕಾರ ಬೀಳಿಸುವಷ್ಟು ಬಲವಾದ ಸಿಟ್ಟು ದಿಲ್ಲಿಯ ರೈಲು ಹತ್ತುವಷ್ಟರಲ್ಲಿ ತಣ್ಣಗಾಗಿತ್ತು. 1984ರ ಡಿಸೆಂಬರಿನಲ್ಲಿ ಲೋಕಸಭೆಗೆ ಕಾಂಗ್ರೆಸ್ಸನ್ನೂ ಮೂರು ತಿಂಗಳು ಕಳೆದು ವಿಧಾನಸಭೆಗೆ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷವನ್ನೂ ಗೆಲ್ಲಿಸಿದ ಕರ್ನಾಟಕದ ಮತದಾರನನ್ನು ‘ಪ್ರಬುದ್ಧ’ ಎಂದು ಪಂಡಿತರು ಕೊಂಡಾಡಿದರು. ಆ ಬಿರುದನ್ನು ಕೇಳಿ ಕೇಳಿ ನಾವು ಇನ್ನೂ ಪ್ರಬುದ್ಧರಾಗಿಯೇ ಕೂತಿದ್ದೇವೆ.

ಕ್ಷೇತ್ರ ಕಾಂಗ್ರೆಸ್ಸಿನ ಕೈ ಬಿಟ್ಟದ್ದು 1996ರಲ್ಲಿ. ಲಾರಿ ಉದ್ಯಮಿ ವಿಜಯ ಸಂಕೇಶ್ವರ ಬಿಜೆಪಿಯಿಂದ ಗೆದ್ದರು. 1990ರಲ್ಲಿ ವೀರೇಂದ್ರ ಪಾಟೀಲರನ್ನು ಕಾಂಗ್ರೆಸ್ ಇಳಿಸಿದ ರೀತಿಗೆ ಲಿಂಗಾಯತರಲ್ಲಿ ಮೂಡಿದ ಮುನಿಸು ಒಂದು ಕಾರಣ. ಹುಬ್ಬಳ್ಳಿಯ ಈದ್ಗಾ ಮೈದಾನದಲ್ಲಿ ಧ್ವಜ ಹಾರಿಸುವ ಗದ್ದಲ ಮತ್ತು 1994ರ ಆಗಸ್ಟ್ 15ರ ಗೋಲಿಬಾರ್ ಇನ್ನೊಂದು ಕಾರಣ. ಅಂದರೆ ನಮ್ಮ ಜಿಲ್ಲೆ ಎರಡು ಗೋಲಿಬಾರ್ ಕಂಡಿದೆ. ಹೊಲದ ನೀರಿಗಾಗಿ ಆದ ಗೋಲಿಬಾರಿನಿಂದ ಎಂಪಿ ಬದಲಾಗಲಿಲ್ಲ. ಪ್ಯಾಟಿಯ ಮೈದಾನಕ್ಕಾಗಿ ಆದ ಗೋಲಿಬಾರಿನಿಂದ ಬದಲಾದರು, ಎಷ್ಟು ಬದಲಾದರೆಂದರೆ ಆ ಪಕ್ಷ ಇವತ್ತಿಗೂ ಕದಲಿಲ್ಲ. ಈ ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಹುಬ್ಬಳ್ಳಿ–ಧಾರವಾಡ ಪೇಟೆಯವು ಮೂರು. ಹಳ್ಳಿಗಾಡಿನ ಪಾಲು ಹೆಚ್ಚಿರುವುದು ನವಲಗುಂದ, ಕುಂದಗೋಳ, ಕಲಘಟಗಿ, ಧಾರವಾಡ, ಶಿಗ್ಗಾವಿ ಹೀಗೆ ಐದರಲ್ಲಿ. ಅಣ್ಣಿಗೇರಿ ತಾಲ್ಲೂಕಾಗಿ ಬಡ್ತಿ ಪಡೆದರೂ ಮತಕ್ಕೆ ನವಲಗುಂದದ ಜೊತೆಗೇ ಇದೆ. ಐದು ದೊಡ್ಡದೋ ಮೂರು ದೊಡ್ಡದೋ? ಶಾಲೆಯ ಗಣಿತಕ್ಕೆ ಒಂದು ಉತ್ತರ, ಚುನಾವಣೆಯ ಗಣಿತಕ್ಕೆ ಇನ್ನೊಂದು.

ದಿಲ್ಲಿ ನಮ್ಮ ಸಂಸದರನ್ನು ಕಡೆಗಣಿಸಿತು ಎಂದರೆ ಪಾಪ ಬಂದೀತು. ಕರಮರಕರ್ ಕೇಂದ್ರದ ಆರೋಗ್ಯ ಮಂತ್ರಿಯಾಗಿದ್ದರು. ಸರೋಜಿನಿ ಮಹಿಷಿ ಪ್ರವಾಸೋದ್ಯಮ ಮತ್ತು ವಿಮಾನಯಾನ ಖಾತೆಯ ರಾಜ್ಯ ಸಚಿವೆಯಾಗಿದ್ದರು. ಕನ್ನಡಿಗರಿಗೆ ಕೆಲಸ ಕೊಡಿ ಎಂದು ವರದಿ ಕೊಟ್ಟವರೂ ಅವರೇ. ಆ ವರದಿಗೆ ಇಂದಿಗೂ ಕೆಲಸ ಸಿಕ್ಕಿಲ್ಲ, ಅದು ಬೇರೆ ಮಾತು. 2019ರಲ್ಲಿ ಜೋಶಿಯವರಿಗೆ ಸಂಸದೀಯ ವ್ಯವಹಾರದ ಜೊತೆಗೆ ಕಲ್ಲಿದ್ದಲು ಮತ್ತು ಗಣಿ ಖಾತೆ ಬಂತು. ನಮ್ಮ ಎರಿ ಮಣ್ಣಿನ ಕಪ್ಪು ಬಣ್ಣ ನೋಡಿ ದಿಲ್ಲಿಯವರು ಏನೋ ತಪ್ಪು ತಿಳಿದುಕೊಂಡಿರಬೇಕು. 2024ರಲ್ಲಿ ಆಹಾರ, ಗ್ರಾಹಕ ವ್ಯವಹಾರ ಮತ್ತು ನವೀಕರಿಸಬಹುದಾದ ಇಂಧನ ಬಂದವು. ಆರೋಗ್ಯ, ವಿಮಾನ, ಕಲ್ಲಿದ್ದಲು, ಅಕ್ಕಿ–ಗೋಧಿ, ಬಿಸಿಲು, ಗಾಳಿ ಎಲ್ಲ ಆದವು. ನೀರೊಂದು ಉಳಿಯಿತು. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂದು ನಮ್ಮ ಹಿರಿಯರು ನಂಬಿಕೊಂಡಿದ್ದರು. ಅವರ ಕಾಲದಲ್ಲಿ ಮಂತ್ರಿಮಂಡಲ ವಿಸ್ತರಣೆ ಇರಲಿಲ್ಲ.

ನೀರಿನ ಕತೆಯನ್ನು ತಾರೀಖು ಹಿಡಿದೇ ಹೇಳಬೇಕು, ಯಾಕೆಂದರೆ ಅದರಲ್ಲಿ ತಾರೀಖು ಬಿಟ್ಟರೆ ಬೇರೇನೂ ಹರಿದಿಲ್ಲ. ಮಹದಾಯಿ ಕೊಳ್ಳದ ಕಳಸಾ, ಬಂಡೂರಿ ನಾಲೆಗಳ ನೀರನ್ನು ಮಲಪ್ರಭೆಗೆ ತಿರುಗಿಸುವುದು ಯೋಜನೆ. 2002ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟು, ಅದೇ ವರ್ಷ ತಾನೇ ತಡೆ ಹಿಡಿಯಿತು. 2006ರಲ್ಲಿ ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಅಡಿಗಲ್ಲು ಬಿತ್ತು. ಗೋವಾದ ತಕರಾರಿಗೆ 2010ರಲ್ಲಿ ನ್ಯಾಯಮಂಡಳಿ ಬಂತು. 2015ರ ಜುಲೈನಲ್ಲಿ ನರಗುಂದದಲ್ಲಿ ರೈತರು ಧರಣಿ ಕೂತರು, ನವಲಗುಂದವೂ ಕೂತಿತು. 2016ರ ಜುಲೈನಲ್ಲಿ ನ್ಯಾಯಮಂಡಳಿ 7.56 ಟಿಎಂಸಿ ಮಧ್ಯಂತರ ಕೋರಿಕೆಯನ್ನು ತಳ್ಳಿಹಾಕಿದಾಗ ಊರಿಗೂರೇ ಸಿಡಿಯಿತು. ಆಮೇಲೆ ಪೊಲೀಸರು ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಮನೆಮನೆಗೆ ನುಗ್ಗಿ ಹೆಂಗಸರು, ಮುದುಕರೆನ್ನದೆ ಹೊಡೆದರು. ಆಗ ರಾಜ್ಯದಲ್ಲಿದ್ದದ್ದು ಕಾಂಗ್ರೆಸ್ ಸರ್ಕಾರ, ಕೇಂದ್ರದಲ್ಲಿ ಬಿಜೆಪಿ. ಲಾಠಿ ಇವರದ್ದು, ಮೌನ ಅವರದ್ದು. ಪಕ್ಷಭೇದ ಮರೆತು ಎರಡೂ ಸರ್ಕಾರಗಳು ಒಟ್ಟಾಗಿ ನಡೆಸಿಕೊಟ್ಟ ಕಾರ್ಯಕ್ರಮ ಈ ಭಾಗದಲ್ಲಿ ಅದೊಂದೇ ಇರಬೇಕು.

2017ರ ಡಿಸೆಂಬರಿನಲ್ಲಿ, ವಿಧಾನಸಭಾ ಚುನಾವಣೆಗೆ ಇನ್ನೂ ಆರು ತಿಂಗಳೂ ಇಲ್ಲ ಎನ್ನುವಾಗ, ಹುಬ್ಬಳ್ಳಿಯ ಪರಿವರ್ತನಾ ಸಮಾವೇಶದಲ್ಲಿ ಯಡಿಯೂರಪ್ಪನವರು ಒಂದು ಪತ್ರ ಬಿಚ್ಚಿದರು. ಗೋವಾ ಮುಖ್ಯಮಂತ್ರಿ ಮನೋಹರ ಪರ್ರೀಕರ್ ಬರೆದದ್ದು, ಕುಡಿಯುವ ನೀರಿಗೆ ತಮ್ಮ ತಾತ್ವಿಕ ವಿರೋಧವಿಲ್ಲ ಎನ್ನುವಂಥದ್ದು. ಒಂದು ರಾಜ್ಯದ ಮುಖ್ಯಮಂತ್ರಿ ಇನ್ನೊಂದು ರಾಜ್ಯದ ಮುಖ್ಯಮಂತ್ರಿಗೆ ಬರೆಯದೆ, ಅಲ್ಲಿಯ ತಮ್ಮದೇ ಪಕ್ಷದ ಅಧ್ಯಕ್ಷರಿಗೆ ಬರೆದ ಪ್ರೇಮಪತ್ರ. ವೇದಿಕೆಯ ಮೇಲೆ ಓದಿದರು, ಚಪ್ಪಾಳೆ ಬಿತ್ತು. ಆ ಕಾಗದ ಹಿಂಡಿದ್ದರೆ ಒಂದು ಚರಿಗೆ ನೀರಾದರೂ ಬರುತ್ತಿತ್ತೇನೋ, ಯಾರೂ ಹಿಂಡಲಿಲ್ಲ.

2018ರ ಆಗಸ್ಟ್ 14ಕ್ಕೆ ಅಂತಿಮ ತೀರ್ಪು ಬಂತು. ಕರ್ನಾಟಕಕ್ಕೆ 13.42 ಟಿಎಂಸಿ. ಪಟಾಕಿ ಹೊಡೆದವರು ಹೊಡೆದರು. ಲೆಕ್ಕ ಬಿಡಿಸಿ ನೋಡಿದರೆ 8.02 ಟಿಎಂಸಿ ವಿದ್ಯುತ್ತಿಗೆ, 1.5 ಕೊಳ್ಳದೊಳಗಿನ ಬಳಕೆಗೆ, ಮಲಪ್ರಭೆಗೆ ತಿರುಗಿಸಲು ಕಳಸಾದಿಂದ 1.72, ಬಂಡೂರಿಯಿಂದ 2.18. ಒಟ್ಟು 3.9 ಟಿಎಂಸಿ. ಅದೂ ಹೊಲಕ್ಕಲ್ಲ, ಕುಡಿಯಲಿಕ್ಕೆ. ಹುಬ್ಬಳ್ಳಿ–ಧಾರವಾಡದ ನಲ್ಲಿಯೇ ಅದರ ದೊಡ್ಡ ಗಿರಾಕಿ. ಯಮನೂರಿನ ಬೆನ್ನಿಗೆ ಬಿದ್ದ ಏಟಿನ ಫಲ ವಿದ್ಯಾನಗರದ ಸಿಂಟೆಕ್ಸ್ ಟ್ಯಾಂಕಿಗೆ. ನವಲಗುಂದದ ಹಳ್ಳಿಗಳಲ್ಲಿ ಬೋರು ಹೊಡೆದರೆ ಸವುಳು ನೀರು, ಕುಡಿಯುವುದಕ್ಕೆ ಕೆರೆಯೇ ಗತಿ. ಅವರಿಗೂ ಒಂದು ಪಾಲು ಬಂದೀತು ಎನ್ನಿ, ಕಾಲುವೆಯ ಕೊನೆಯವರಿಗೆ ಬರುವಂತೆ. ಮಳೆಗಾಲದಲ್ಲಿ ಬೆಣ್ಣಿಹಳ್ಳ ಉಕ್ಕಿ ಇದೇ ತಾಲ್ಲೂಕಿನ ಹೆಸರು, ಉಳ್ಳಾಗಡ್ಡಿಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಬೇಡದ ನೀರು ಅರ್ಜಿ ಇಲ್ಲದೆ ಬರುತ್ತದೆ, ಬೇಕಾದ ನೀರಿಗೆ ನ್ಯಾಯಮಂಡಳಿ ಬೇಕು.

ತೀರ್ಪು ಬಂದ ಮುಂದಿನ ವರ್ಷವೇ ಲೋಕಸಭಾ ಚುನಾವಣೆ. ಒಂದು ಹನಿಯೂ ಬಂದಿರಲಿಲ್ಲ, ಗೆಜೆಟ್ ಅಧಿಸೂಚನೆ ಕೂಡ ಬಂದಿರಲಿಲ್ಲ. ಸಂಸದರ ಅಂತರ ಎರಡು ಲಕ್ಷ ದಾಟಿತು. ಅಧಿಸೂಚನೆ 2020ರ ಫೆಬ್ರುವರಿಯಲ್ಲಿ ಬಂತು, ಸಿಹಿ ಹಂಚಿದರು. 2022ರ ಡಿಸೆಂಬರಿನಲ್ಲಿ, ಅಂದರೆ ಮತ್ತೊಂದು ವಿಧಾನಸಭಾ ಚುನಾವಣೆ ಬಾಗಿಲಿಗೆ ಬಂದಾಗ, ಕೇಂದ್ರ ಜಲ ಆಯೋಗ ವಿಸ್ತೃತ ಯೋಜನಾ ವರದಿಗೆ ಒಪ್ಪಿತು. ಮತ್ತೆ ಸಿಹಿ. ವನ್ಯಜೀವಿ ಮಂಡಳಿಯ ಮುಂದೆ ಕಡತ ಹೋದದ್ದು 2024ರ ಜನವರಿಯಲ್ಲಿ, ಅಲ್ಲಿ ಮುಂದೂಡಿದರು. ಆಗ ಮಾತ್ರ ಯಾರೂ ಸಿಹಿ ಹಂಚಲಿಲ್ಲ, ಬಹುಶಃ ಸಕ್ಕರೆ ಕಾಯಿಲೆಯ ಕಾಳಜಿ. ಮೊಣಕೈಗೆ ಬೆಲ್ಲ ಹಚ್ಚುವುದರಲ್ಲಿ ಇಷ್ಟು ಪಳಗಿದವರು ಬೇರೆಲ್ಲೂ ಸಿಗುವುದಿಲ್ಲ. ನೆಕ್ಕಲು ಹೊರಟವರ ತಾಳ್ಮೆಗೂ ಸಾಟಿಯಿಲ್ಲ.

ಏನೂ ಬಂದಿಲ್ಲ ಎನ್ನುವಂತಿಲ್ಲ. 2023ರ ಮಾರ್ಚ್ 12ರಂದು ಪ್ರಧಾನಿ ಬಂದು ಐಐಟಿ ಉದ್ಘಾಟಿಸಿದರು. ಅದೇ ದಿನ ಹುಬ್ಬಳ್ಳಿಯಲ್ಲಿ 1,507 ಮೀಟರಿನ ರೈಲ್ವೆ ಪ್ಲಾಟ್‌ಫಾರ್ಮ್, ಜಗತ್ತಿನಲ್ಲೇ ಅತಿ ಉದ್ದದ್ದು, ನಾಡಿಗೆ ಅರ್ಪಣೆಯಾಯಿತು. ಕುಹಕಿಗಳು ನಕ್ಕರು. ನನಗೆ ಅದರ ಔಚಿತ್ಯ ಚೆನ್ನಾಗಿ ಕಂಡಿತು. ಇಷ್ಟು ವರ್ಷಗಳಿಂದ ಇಷ್ಟು ಜನ ಕಾಯುತ್ತಿರುವ ಜಿಲ್ಲೆಗೆ ನಿಂತು ಕಾಯಲು ಅಷ್ಟು ಜಾಗ ಬೇಡವೇ?

ಎದುರಾಳಿ ಪಕ್ಷದ ಉಪಕಾರವನ್ನೂ ನೆನೆಯಬೇಕು. ಸೋಲನ್ನು ಇಷ್ಟು ಶ್ರದ್ಧೆಯಿಂದ ಸಾಕಿದವರು ಕಡಿಮೆ. 2004ರಲ್ಲಿ ಧಾರವಾಡ ದಕ್ಷಿಣದಿಂದ ಬಿಜೆಪಿ ಟಿಕೆಟ್ಟಿನಲ್ಲಿ ಗೆದ್ದಿದ್ದ ಮಂಜುನಾಥ ಕುನ್ನೂರರನ್ನು 2009ರಲ್ಲಿ ಕಾಂಗ್ರೆಸ್ ಬಿಜೆಪಿ ವಿರುದ್ಧವೇ ನಿಲ್ಲಿಸಿತು. ಜನ ಒರಿಜಿನಲ್ ಇರುವಾಗ ಝೆರಾಕ್ಸ್ ಯಾಕೆ ಎಂದರು. 2014ರಲ್ಲಿ ವಿನಯ ಕುಲಕರ್ಣಿ, ಸೋತ ಮೇಲೆ 2019ರಲ್ಲಿ ಮತ್ತೆ ವಿನಯ ಕುಲಕರ್ಣಿ. 2024ರಲ್ಲಿ ವಿನೋದ ಅಸೂಟಿ. 2018ರಲ್ಲಿ ನವಲಗುಂದ ಒಂದನ್ನೇ ಗೆಲ್ಲಲಾಗದವರಿಗೆ ಎಂಟು ಕ್ಷೇತ್ರದ ಹೊರೆ. ಆದರೂ ಅಂತರವನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರು, ಅದು ಸಣ್ಣ ಮಾತಲ್ಲ. ಆ ಚುನಾವಣೆಯಲ್ಲಿ ಶಿರಹಟ್ಟಿಯ ದಿಂಗಾಲೇಶ್ವರ ಸ್ವಾಮಿಗಳೂ ಧರ್ಮಯುದ್ಧವೆಂದು ಘೋಷಿಸಿ ಪಕ್ಷೇತರರಾಗಿ ನಾಮಪತ್ರ ಸಲ್ಲಿಸಿದರು, ನಾಲ್ಕಾರು ದಿನಗಳಲ್ಲಿ ವಾಪಸು ಪಡೆದರು. ಕುರುಕ್ಷೇತ್ರವೂ 18 ದಿನ ನಡೆದಿತ್ತು.

ಪ್ರತಿ ವರ್ಷ ಜುಲೈ 21ಕ್ಕೆ ಹುತಾತ್ಮ ರೈತರ ಸ್ಮಾರಕಕ್ಕೆ ಮಾಲೆ ಹಾಕಲು ಎಲ್ಲ ಪಕ್ಷದವರೂ ಬರುತ್ತಾರೆ. 1980ರಲ್ಲಿ ಅಧಿಕಾರದಲ್ಲಿದ್ದ ಪಕ್ಷದವರೂ ಬರುತ್ತಾರೆ, 2016ರಲ್ಲಿ ದಿಲ್ಲಿಯಲ್ಲಿದ್ದ ಪಕ್ಷದವರೂ ಬರುತ್ತಾರೆ. ಭಾಷಣ, ಫೋಟೊ, ಉಪ್ಪಿಟ್ಟು, ಶಿರಾ. ಅಷ್ಟೂ ಭಾಷಣಗಳಲ್ಲಿ ನೀರು ತರುವ ಹೊಣೆ ಯಾವಾಗಲೂ ಬಾರದೆ ಇರುವವರದ್ದು.

ಮುಂದಿನ ವಿಧಾನಸಭಾ ಚುನಾವಣೆ 2028ಕ್ಕೆ, ಲೋಕಸಭೆ 2029ಕ್ಕೆ. ಪದ್ಧತಿಯಂತೆ ನವಲಗುಂದದಲ್ಲಿ ಪಾಳಿ ಬದಲಾಗಬಹುದು, ಕುಂದಗೋಳದಲ್ಲಿ ಆರುನೂರು ಮತಕ್ಕೆ ಮತ್ತೆ ಉಸಿರು ಬಿಗಿಹಿಡಿಯಬಹುದು. ಅದು ನಡೆಯಲಿ, ಯಾರೂ ಅಡ್ಡಿ ಮಾಡುವುದಿಲ್ಲ. ಆದರೆ 2029ರಲ್ಲಿ ಯಾರೇ ಬಂದು, ಯಾವ ಪಕ್ಷದ ಶಾಲು ಹೊದ್ದೇ ಬಂದು, ವೇದಿಕೆಯ ಮೇಲೆ ಮಹದಾಯಿಯ ಹೊಸ ಕಾಗದ ಬಿಚ್ಚಿದರೆ, ಚಪ್ಪಾಳೆ ಹೊಡೆಯುವ ಮುಂಚೆ ಒಮ್ಮೆ ಕೈಗೆ ಇಸಿದುಕೊಂಡು ನೋಡಿ. ಯಾವ ಇಲಾಖೆಯದು, ಯಾರ ಸಹಿ, ಯಾವ ತಾರೀಖು. ವನ್ಯಜೀವಿ ಮಂಡಳಿಯ ಒಪ್ಪಿಗೆ ಅದರಲ್ಲಿ ಇಲ್ಲದಿದ್ದರೆ ಮಡಚಿ ಅವರ ಕೈಗೇ ಕೊಟ್ಟುಬಿಡಿ, ಹಾರವನ್ನು ಮನೆಯ ಎತ್ತಿನ ಕೊರಳಿಗೆ ಹಾಕಿ.